ಡಯಲ್ಲಿನ ಕೆಂಪು ಗುರುತು

ಇಸವಿ ತೊಂಬತ್ತೆಂಟು, ಡಿಸೆಂಬರ್ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ: ಶಿರಸಿ, ನಮ್ಮ ಮನೆಯ ಹಿಂಬದಿಯ ಕೋಣೆ. ಹಾಜರಿದ್ದವರು: ನಾನು, ಬಾಗಿಲಲ್ಲಿ ಚಹದ ಲೋಟ ಹಿಡಿದು ನಿಂತ ನಮ್ಮ ಯಜಮಾನರು, ಆಂಟೆನಾ ತಂತಿಯ ಮೇಲೆ ಕೂತಿದ್ದ ಒಂದು ಕಾಗೆ. ಹಾಜರಿಲ್ಲದವರು: ಯಲ್ಲಾಪುರದ ಭಾಸ್ಕರ ಮಾಸ್ತರು.

ಹೀಗೆ ಶುರು ಮಾಡದಿದ್ದರೆ ನನಗೆ ಮುಂದಿನ ಸಾಲು ಬರುವುದಿಲ್ಲ. ನೌಕರಿ ಪೂರ್ತಿ ತಾರು ಕಚೇರಿಯಲ್ಲಿ ಕೀ ಕುಟ್ಟಿ ನಿವೃತ್ತಳಾದವಳು ನಾನು. ಅಲ್ಲಿ ದಿನ ಶುರುವಾಗುತ್ತಿದ್ದದ್ದೇ ತಾರೀಖು, ಹೊತ್ತು, ಹಾಜರಿಯಿಂದ. ಮಗಳ ಮದುವೆಯ ದಿನ ಬೆಳಿಗ್ಗೆಯೂ ಒಂದು ಚೀಟಿಯಲ್ಲಿ ಹೀಗೇ ಬರೆದುಕೊಂಡಿದ್ದೆ. ಹಾಜರಿಲ್ಲದವರು ಎಂಬಲ್ಲಿ ‘ಮದುಮಗನ ಕಡೆಯವರು’ ಎಂದಿತ್ತು. ಅವರ ಬಸ್ಸು ಬಂದು ನಿಲ್ಲುವವರೆಗೆ ಆ ಚೀಟಿ ನನ್ನ ಮುಷ್ಟಿಯಲ್ಲೇ ಇತ್ತು. ಜನ ನನ್ನನ್ನು ಶಿಸ್ತಿನ ಹೆಂಗಸು ಅನ್ನುತ್ತಾರೆ. ನಿಜ ಹೇಳಬೇಕೆಂದರೆ ನಾನು ಗಾಬರಿಯ ಹೆಂಗಸು. ಗಾಬರಿ ಹೊರಗೆ ಕಾಣದಿರಲೆಂದು ಎಲ್ಲವನ್ನೂ ಸಾಲಾಗಿ ಜೋಡಿಸಿಡುತ್ತೇನೆ, ಅಷ್ಟೇ.

ಆ ಭಾನುವಾರ ಈಗ ನೆನಪಾಗಲು ಕಾರಣ ಒಂದು ನೈಲ್ ಪಾಲಿಶ್ ಬಾಟಲಿ. ಕಳೆದ ವಾರ ರಜೆಗೆ ಬಂದ ಮೊಮ್ಮಗಳು ನನ್ನ ಮೇಜಿನ ಖಾನೆಯಲ್ಲಿ ಬೆಸುಗೆಯ ತಂತಿ ಹುಡುಕುತ್ತ ಅದನ್ನು ಹೊರಗೆ ತೆಗೆದಳು. ಕೆಂಪು ಬಣ್ಣ, ಒಣಗಿ ಕಲ್ಲಾಗಿದೆ. ಮುಚ್ಚಳ ತಿರುಗಿಸಿದರೆ ತಿರುಗುವುದಿಲ್ಲ.

“ಅಜ್ಜೀ, ಇದು ನಿಂದನಾ? ನೀ ಹಚ್ಕತ್ತಿದ್ಯಾ?”

ನಾನು ಬಾಯಿ ತೆರೆಯುವುದರೊಳಗೆ ಇವರು ಪೇಪರಿನ ಹಿಂದಿನಿಂದ ಉತ್ತರ ಕೊಟ್ಟರು: “ನಿನ್ನಜ್ಜಿ ತನ್ನ ಉಗುರಿಗೆ ಹಚ್ಚಿದ್ದಿಲ್ಲೆ ಮಾರಾಯ್ತಿ. ಯಲ್ಲಾಪುರದ ಭಾಸ್ಕರ ಮಾಸ್ತರಂಗೆ ಹಚ್ಚಿದ್ದು.”

ಮೊಮ್ಮಗಳು ನನ್ನ ಮುಖ ನೋಡಿದ ರೀತಿ ನೋಡಿ, ಇದನ್ನು ಬರೆದೇ ಬಿಡಬೇಕು ಅನ್ನಿಸಿತು.

ಹ್ಯಾಮ್ ರೇಡಿಯೊ ಎಂಬ ಹವ್ಯಾಸವೊಂದಿದೆ. ಸರ್ಕಾರದ ಪರೀಕ್ಷೆ ಪಾಸಾಗಿ ಪರವಾನಗಿ ಪಡೆದವರು ತಮ್ಮ ತಮ್ಮ ಮನೆಯಲ್ಲೇ ಕೂತು ರೇಡಿಯೊ ಮೂಲಕ ಒಬ್ಬರೊಡನೊಬ್ಬರು ಮಾತಾಡುತ್ತಾರೆ. ಆಗೆಲ್ಲ ಆ ಪರೀಕ್ಷೆಗೆ ಮೋರ್ಸ್ ಬರಬೇಕಿತ್ತು. ಮೋರ್ಸ್ ಅಂದರೆ ತಾರಿನ ಕಟ್ಟು-ಕಡ ಭಾಷೆಯೇ: ಕೀ ಎಂಬ ಸಣ್ಣ ಹಿಡಿಯನ್ನು ಒತ್ತಿ ಕುಟ್ಟುವ ಗಿಡ್ಡ, ಉದ್ದ ಹೊಡೆತಗಳಲ್ಲಿ ಒಂದೊಂದು ಇಂಗ್ಲಿಷ್ ಅಕ್ಷರ. ನಾನು ನಿವೃತ್ತಳಾಗಿ, ಮಾಡಲು ಕೆಲಸವಿಲ್ಲದೆ ಮಸಾಲೆ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದ ಕಾಲದಲ್ಲಿ ಸಿದ್ದಾಪುರದ ಅಕ್ಕಿ ಗಿರಣಿಯ ಈರಪ್ಪ ನಾಯ್ಕರು ಬಾಗಿಲಿಗೆ ಬಂದು, “ಅಕ್ಕೋರೆ, ನಂಗೆ ಆ ಟಕ್ಕು ಟಿಕ್ಕು ಕಲ್ಸಿಕೊಡಿ” ಅಂದರು. ಅವರ ಹಿಂದೆ ನಿಂತಿದ್ದವರು ಭಾಸ್ಕರ ಮಾಸ್ತರು, ಯಲ್ಲಾಪುರದ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದವರು. ಇಬ್ಬರಿಗೂ ಕಲಿಸಿದೆ. ಕಲಿಸುತ್ತ ಕಲಿಸುತ್ತ ನನಗೂ ಹುಚ್ಚು ಹತ್ತಿತು. ಮೂವರೂ ಒಟ್ಟಿಗೆ ಪರೀಕ್ಷೆ ಬರೆದೆವು.

ಮಾಸ್ತರು ಪಾಸಾದ ಮರುದಿನವೇ ಮೋರ್ಸ್ ಕೀಯನ್ನು ಡಬ್ಬಿಗೆ ಹಾಕಿ ಅಟ್ಟಕ್ಕೆ ಏರಿಸಿದರು. “ಅಕ್ಕಯ್ಯ, ದೇವ್ರು ಬಾಯಿ ಕೊಟ್ಟಿದ್ದ. ಮರಕುಟಿಗನ ಹಂಗೆ ಟಕ್ ಟಕ್ ಎಂತಕ್ಕೆ?” ಅವರ ಬಾಯಿಯೂ ಅಂಥದ್ದೇ. ಬೆಳಿಗ್ಗೆ ಆರೂವರೆಗೆ ನಮ್ಮ ಮೂವರ ಹಾಜರಿ ಇರುತ್ತಿತ್ತು: ಶಿರಸಿ, ಸಿದ್ದಾಪುರ, ಯಲ್ಲಾಪುರ. ನಾನು ಹೆಸರು ಕರೆಯುವುದು, ಅವರು ‘ಇದ್ದೇನೆ’ ಅನ್ನುವುದು. ಮಾಸ್ತರ ಸರದಿ ಬಂದು ಮೈಕು ಅವರ ಕೈಗೆ ಹೋಯಿತೆಂದರೆ ನಾನು ಎದ್ದು ಹೋಗಿ ಅಕ್ಕಿ ತೊಳೆದು ಅನ್ನಕ್ಕಿಟ್ಟು ಬರಬಹುದಿತ್ತು. ಬಂದರೂ ಅದೇ ವಾಕ್ಯ ನಡೆದಿರುತ್ತಿತ್ತು. ‘ದಯವಿಟ್ಟು ಚುಟುಕಾಗಿ’ ಎಂದು ಎಷ್ಟು ಸಲ ಹೇಳಿದ್ದೇನೋ. ನಾನು ತಾರಿನವಳು. ತಾರಿನಲ್ಲಿ ಒಂದೊಂದು ಪದಕ್ಕೂ ಕಾಸು.

ತೊಂಬತ್ತೆಂಟರ ಬೇಸಿಗೆಗೆ ಮೊದಲು ಅವರ ಗಂಟಲಿಗೆ ರೋಗ ಬಂತು. ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಜೀವ ಉಳಿಯಿತು, ದನಿ ಹೋಯಿತು.

ನಾನೂ ಯಜಮಾನರೂ ಯಲ್ಲಾಪುರಕ್ಕೆ ನೋಡಿಕೊಂಡು ಬರಲು ಹೋಗಿದ್ದೆವು. ಮಾಸ್ತರು ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಕೂತಿದ್ದರು. ಮಡಿಲಲ್ಲಿ ಮಕ್ಕಳ ಪಾಟಿ, ಕೈಯಲ್ಲಿ ಕಡ್ಡಿ. ಬಿಸಿಲು ಜಾಸ್ತಿ ಎಂದು ಬರೆದರು. ಚಹಕ್ಕೆ ಸಕ್ಕರೆ ಸಾಕೇ ಎಂದು ಬರೆದರು. ಇವರು ಮಾತಿಗೆಂದು, “ರೇಡಿಯೊ ಎಂತ ಮಾಡ್ದೆ ಭಾಸ್ಕರ?” ಎಂದು ಕೇಳಿಬಿಟ್ಟರು. ಮಾಸ್ತರು ಬಟ್ಟೆ ತೆಗೆದುಕೊಂಡು ಪಾಟಿ ಒರೆಸಿದರು. ಏನೂ ಬರೆದಿರದಿದ್ದ ಜಾಗವನ್ನೂ ಒರೆಸಿದರು. ಆಮೇಲೆ ನಾವು ಹೊರಡುವವರೆಗೆ ಕಡ್ಡಿ ಮುಟ್ಟಲಿಲ್ಲ. ಅವರ ಸೆಟ್ಟು ಒಳಗಿನ ಕೋಣೆಯಲ್ಲಿ ಹಳೆಯ ಸೀರೆ ಹೊದ್ದು ಕೂತಿತ್ತು.

ಆದರೆ ರೂಢಿ ಬಿಡುವವಳಲ್ಲ ನಾನು. ದಿನಾ ಬೆಳಿಗ್ಗೆ ಹಾಜರಿ ಕರೆಯುವಾಗ ‘ಯಲ್ಲಾಪುರ’ ಎಂದು ಕರೆದು, ಉತ್ತರಕ್ಕೆ ಬೇಕಾದಷ್ಟು ಹೊತ್ತು ಬಿಟ್ಟು, ಮುಂದೆ ಹೋಗುತ್ತಿದ್ದೆ. ಆ ಖಾಲಿ ಹೊತ್ತಿನಲ್ಲಿ ಬರೀ ಗಾಳಿಯ ಸದ್ದು. ತಾರು ಕಚೇರಿಯಲ್ಲಿ ಕೆಟ್ಟ ಸುದ್ದಿ ಮನೆಯವರಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಪೇಟೆಯಲ್ಲಿ ತರಕಾರಿ ಕೊಂಡು ಬಂದಿದ್ದೇನೆ. ಅದು ಅಭ್ಯಾಸವಾಗಿತ್ತು. ಸುದ್ದಿಯೇ ಬಾರದಿರುವುದು ಅಭ್ಯಾಸವಾಗಲಿಲ್ಲ.

ಹಾಗಾಗಿ ಆ ವರ್ಷದ ಪಂದ್ಯ ಹತ್ತಿರ ಬಂದಾಗ ಒಂದು ಉಪಾಯ ಹೊಳೆಯಿತು. ವರ್ಷಕ್ಕೊಮ್ಮೆ, ಡಿಸೆಂಬರಿನಲ್ಲಿ, ನಾವು ‘ಹಳೆ ಪೆಟ್ಟಿಗೆ ಪಂದ್ಯ’ ನಡೆಸುತ್ತಿದ್ದೆವು. ವಾಲ್ವ್ ಇರುವ ಹಳೆಯ ಸೆಟ್ಟುಗಳಿಗೆ ಮಾತ್ರ ಪ್ರವೇಶ. ಅಂಗಡಿಯಲ್ಲಿ ಕೊಂಡ ಹೊಸ ಸೆಟ್ಟು ನಡೆಯದು. ವಾಲ್ವ್ ಅಂದರೆ ಒಳಗೆ ಕೆಂಪಗೆ ಉರಿಯುವ ಗಾಜಿನ ಬುರುಡೆ, ಟ್ರಾನ್ಸಿಸ್ಟರ್ ಬರುವ ಮೊದಲು ರೇಡಿಯೊಗಳೆಲ್ಲ ಅದರಿಂದಲೇ ನಡೆಯುತ್ತಿದ್ದವು. ಕಾರವಾರ, ಕುಮಟಾ, ಹಾವೇರಿ ಕಡೆಯ ಗೆಳೆಯರೂ ಸೇರುತ್ತಿದ್ದರು. ಗೊತ್ತುಮಾಡಿದ ಜಾಗದಲ್ಲಿ, ಅಂದರೆ ಡಯಲ್ಲಿನ ಇಷ್ಟೇ ಇಷ್ಟು ಜಾಗದಲ್ಲಿ, ಒಬ್ಬರನ್ನೊಬ್ಬರು ಕರೆದು ಉತ್ತರ ಪಡೆಯಬೇಕು. ಪಡೆದರೆ ಒಂದು ಅಂಕ. ಗೆದ್ದವರಿಗೆ ಹಲಸಿನ ಹಲಗೆಯ ಮೇಲೆ ನಿಲ್ಲಿಸಿದ ಒಂದು ಸುಟ್ಟ ವಾಲ್ವ್. ನಿಯಮ ಬರೆಯುವವಳು ನಾನು. ಪಂದ್ಯದ ಮೇಲ್ವಿಚಾರಣೆಯೂ ನನ್ನದೇ. ಮೇಲ್ವಿಚಾರಣೆ ನಡೆಸುವವರು ಪಂದ್ಯ ಮುಗಿಯುವವರೆಗೆ ಆ ಜಾಗ ಬಿಟ್ಟು ಡಯಲ್ ತಿರುಗಿಸಬಾರದು, ಎಲ್ಲರೂ ತಮ್ಮ ಲೆಕ್ಕ ಒಪ್ಪಿಸುವುದು ಅಲ್ಲಿಯೇ. ಅದೂ ನಾನೇ ಬರೆದ ನಿಯಮ.

ಅಷ್ಟು ವರ್ಷ ಮಾತಿನಲ್ಲಿ ನಡೆಯುತ್ತಿದ್ದ ಪಂದ್ಯ ಆ ವರ್ಷ ಕೀಯಲ್ಲಿ ಮಾತ್ರ ಎಂದು ಬರೆದು ಎಲ್ಲರಿಗೂ ಅಂಚೆಗೆ ಹಾಕಿದೆ. ಮೂರನೆಯ ದಿನ ಈರಪ್ಪ ನಾಯ್ಕರ ಫೋನು.

“ಅಕ್ಕೋರೆ, ಇದೆಂತ ಈ ಸಲ? ಬಾಯಿ ಇದ್ದೋರ ಬಾಯಿಗೂ ಬೀಗ ಹಾಕಿ ಕೂರ್ಸ್ತೀರಾ?”

ಆ ಕಡೆ ಗಿರಣಿಯ ಸದ್ದು ಕೇಳುತ್ತಿತ್ತು.

“ಓ... ಹಂಗಾ,” ಅಂದರು ನಾಯ್ಕರು. ದನಿ ಇಳಿದಿತ್ತು. “ತಿಳೀತು ಬಿಡಿ. ಕರಾವಳಿ ಮಂದಿಗೆ ನಾ ಹೇಳ್ತೆ. ನೀವೆಂತ ಕಾರಣ ಕೊಡೂದು ಬ್ಯಾಡ.”

ಮಾಸ್ತರಿಗೂ ಒಂದು ಪ್ರತಿ ಹೋಗಿತ್ತು. ಅವರಿಂದ ಉತ್ತರವಿಲ್ಲ. ಆದರೆ ವಾರದ ನಂತರ ಅವರ ಹೆಂಡತಿ ಲಲಿತಾ ಫೋನು ಮಾಡಿ, ಸೆಟ್ಟಿನ ಮೇಲಿನ ಸೀರೆ ತೆಗೆದಿದ್ದಾರೆ, ಅಟ್ಟದಿಂದ ಡಬ್ಬಿ ಇಳಿಸಿದ್ದಾರೆ ಎಂದಳು. ಸೆಟ್ಟಿನಲ್ಲಿ ಒಂದು ವಾಲ್ವ್ ಮಾತ್ರ ಒಳಗೆ ಹಾಲು ಹೊಯ್ದ ಹಾಗೆ ಬೆಳ್ಳಗಾಗಿದೆಯಂತೆ. ಅದು ಗಾಳಿ ಹೊಕ್ಕು ಸತ್ತ ವಾಲ್ವಿನ ಲಕ್ಷಣ. ಸೆಟ್ಟಿನ ಮಾತು ಡಯಲ್ಲಿನ ಯಾವ ಜಾಗದಲ್ಲಿ ಕೇಳಬೇಕು ಎಂಬುದನ್ನು ಗೊತ್ತುಮಾಡುವ ವಾಲ್ವೇ ಅದು. ಅಂಥದು ನನ್ನ ಬಳಿ ಎರಡಿದ್ದವು: ಒಂದು ನನ್ನ ಸೆಟ್ಟಿನಲ್ಲಿ, ಇನ್ನೊಂದು ಆಪತ್ತಿಗೆಂದು ಕಪಾಟಿನಲ್ಲಿ.

ಕಪಾಟಿನದನ್ನು ಹಾಲಿನ ಪುಡಿಯ ಡಬ್ಬಿಯಲ್ಲಿ ಬೂರುಗದ ಹತ್ತಿ ತುಂಬಿ, ನಡುವೆ ಮಲಗಿಸಿ, ಮತ್ತೆ ಹತ್ತಿ ತುಂಬಿ, ಯಲ್ಲಾಪುರದ ಬಸ್ಸಿನ ಕಂಡಕ್ಟರರ ಕೈಗೆ ಕೊಟ್ಟೆ. ಆ ಮಧ್ಯಾಹ್ನ ಪೂರ್ತಿ ನನಗೆ ಶಿರಸಿಯಿಂದ ಯಲ್ಲಾಪುರದವರೆಗಿನ ಹೊಂಡಗಳೇ ಕಣ್ಣ ಮುಂದೆ. ಗಾಜಿನ ವಿಷಯದಲ್ಲಿ ನಾನು ಹುಟ್ಟಾ ಅಂಜುಬುರುಕಿ. ತವರೂರು ವಾನಳ್ಳಿಯಲ್ಲಿ, ನಾನು ಸಣ್ಣವಳಿದ್ದಾಗ, ಲಾಟೀನಿನ ಗಾಜು ಒರೆಸುವ ಕೆಲಸ ನನ್ನದು. ಮನೆಯಲ್ಲಿ ಗಾಜಿನೊಳಗೆ ಹಿಡಿಸುವಷ್ಟು ಸಣ್ಣ ಕೈ ಇದ್ದದ್ದು ನನಗೊಬ್ಬಳಿಗೆ. ಸಂಜೆ ಜಗಲಿಯ ಮೆಟ್ಟಿಲ ಮೇಲೆ ಕೂತು, ಬೂದಿ ಮುಟ್ಟಿಸಿದ ಅರಿವೆಯನ್ನು ಒಳಗೆ ತೂರಿಸಿ, ಉಸಿರು ಬಿಗಿಹಿಡಿದು ತಿರುಗಿಸುವುದು. ಹಿಂದೆ ಅಪ್ಪಯ್ಯ ನಿಂತಿರುತ್ತಿದ್ದ. ಒಂದು ದಿನವೂ ಬೈದವನಲ್ಲ. ಬರೀ ನಿಂತಿರುತ್ತಿದ್ದ. ಒಡೆದರೆ ಇಡೀ ಮನೆಗೆ ಕತ್ತಲೆ ಎಂದು ನನಗೆ ಅರ್ಥವಾಗಲು ಅಷ್ಟು ಸಾಕಿತ್ತು. ಎಂದೂ ಒಡೆಯಲಿಲ್ಲ. ಒಡೆಯದೆ ಇದ್ದದ್ದಕ್ಕೇ ಆ ಹೆದರಿಕೆ ಹೋಗಲಿಲ್ಲ ಎಂದು ಕಾಣುತ್ತದೆ.

ಸಂಜೆ ಲಲಿತಾ ಫೋನು ಮಾಡಿದಳು. “ಡಬ್ಬಿ ಬಂತು ಅಕ್ಕಾ. ಒಡದ್ದಿಲ್ಲೆ. ಎಂತ ಮಾಡ್ತ್ರೋ ಗೊತ್ತಿಲ್ಲೆ. ಕೇಳ್ಲಿಕ್ಕೆ ಹೆದ್ರಿಕೆ.”

ಈಗ ಭಾನುವಾರಕ್ಕೆ ಬರುತ್ತೇನೆ.

“ಚಾ ತಣದು ಹೋಗ್ತೇ,” ಅಂದರು ಇವರು. “ಭಾಸ್ಕರ ಬತ್ನನೇ ಇವತ್ತು?”

“ಬತ್ತ. ಬರದೇ ಎಲ್ಲಿಗೆ ಹೋಗ್ತ?”

“ಹಂಗಾರೆ ಗಡಿಯಾರಕ್ಕೆ ಎಷ್ಟು ಸಲ ಕೀಲಿ ಕೊಡ್ತೆ?”

“ನಿಧಾನ ಹೋಗ್ತು. ನಿಂಗ ಒಳಗೆ ಹೋಗಿ.”

ನನ್ನ ಮೇಜಿನ ಮೇಲೆ ಎರಡು ಪೆಟ್ಟಿಗೆ: ಒಂದು ಕೇಳುವುದು, ಒಂದು ಕಳಿಸುವುದು. ಎರಡೂ ಸೈನ್ಯದ ಹಳೆಯ ಸಾಮಾನಿನಿಂದ ಕಟ್ಟಿದವು, ಹಸಿರು ಬಣ್ಣ, ಒಂದೊಂದೂ ಅಕ್ಕಿ ಚೀಲದ ಭಾರ. ಎಲ್ಲವನ್ನೂ ಅರ್ಧ ಗಂಟೆ ಮೊದಲೇ ಕಾಯಿಸಿಟ್ಟಿದ್ದೆ. ಬಲಕ್ಕೆ ಕೀ, ಎಡಕ್ಕೆ ಗಡಿಯಾರ. ಇನ್ನು ಪಕ್ಕದ ಮನೆಯ ಸಾವಿತ್ರಕ್ಕನೊಡನೆ ಒಂದು ಕರಾರು. ನಾನು ಕೀ ಒತ್ತಿದಾಗಲೆಲ್ಲ ಅವಳ ಟೀವಿಯಲ್ಲಿ ಅಡ್ಡ ಗೆರೆ ಬರುತ್ತದೆ. ಭಾನುವಾರ ಒಂಬತ್ತಕ್ಕೆ ದೇವರ ಧಾರಾವಾಹಿ. ಅದಕ್ಕೇ ಪಂದ್ಯ ಏಳರಿಂದ ಒಂಬತ್ತು. ಒಂಬತ್ತರ ನಂತರ ನಾನು ಕೀ ಮುಟ್ಟುವ ಹಾಗಿಲ್ಲ. ಆಂಟೆನಾದ ಒಂದು ತುದಿ ಕಟ್ಟಿದ್ದು ಸಾವಿತ್ರಕ್ಕನ ಮನೆಯ ಹಲಸಿನ ಮರಕ್ಕೆ, ಹಾಗಾಗಿ ಕರಾರು ಮುರಿಯುವಂತೆಯೂ ಇರಲಿಲ್ಲ.

ಏಳು ಹೊಡೆಯಿತು. ಪಂದ್ಯ ಆರಂಭ ಎಂದು ಕುಟ್ಟಿದೆ. ಕುಮಟಾ ಬಂತು, ಹಾವೇರಿ ಬಂತು, ಕಾರವಾರದ ಇಬ್ಬರು ಬಂದರು. ಅಷ್ಟು ವರ್ಷ ಬರೀ ಮಾತಾಡಿದವರು, ಕೀ ಕೈಗೆ ಒಗ್ಗದೆ ಎಡವುತ್ತ, ತಪ್ಪುತ್ತ, ಮತ್ತೆ ಮೊದಲಿನಿಂದ ಕುಟ್ಟುತ್ತ ಬಂದರು. ಹಾವೇರಿಯವರಂತೂ ತಮ್ಮ ಊರಿನ ಹೆಸರನ್ನೇ ಎರಡು ಸಲ ತಪ್ಪು ಹೊಡೆದರು. ಈರಪ್ಪ ನಾಯ್ಕರು ಮಾತ್ರ ಗಿರಣಿಯ ಬೆಲ್ಟಿನ ಹಾಗೆ ಒಂದೇ ಲಯದಲ್ಲಿ. ಅಂಕ ಒಪ್ಪಿಸಿದ ಕೊನೆಗೆ ಸಣ್ಣದೊಂದು ಪ್ರಶ್ನೆ ಸೇರಿಸುತ್ತಿದ್ದರು: ‘ಬಂದ್ರಾ?’ ಇಂಗ್ಲಿಷ್ ಅಕ್ಷರ, ಕನ್ನಡ ಮಾತು. ನಮ್ಮ ಮೂವರ ರೂಢಿ ಅದು.

‘ಇಲ್ಲ’ ಎಂದು ಕುಟ್ಟಿದೆ.

ಏಳೂವರೆ ಆಯಿತು. ನಡುನಡುವೆ ‘ಯಲ್ಲಾಪುರ’ ಎಂದು ಕರೆದು, ಖಾಲಿ ಬಿಟ್ಟು, ಕೇಳಿದೆ. ಕಿವಿಯ ಮೇಲಿನ ಹೆಡ್‌ಫೋನು ಒತ್ತಿ ಹಿಡಿದರೆ ಸಮುದ್ರದಂಥ ಸದ್ದು, ಅದರೊಳಗೆ ಯಾವುದೋ ದೂರದ ಊರಿನ ಮಾತು. ಎಂಟಾಯಿತು. ವಾಲ್ವ್ ಕೂರಿಸುವಾಗ ಕಾಲು ಮುರಿಯಿತೋ? ಸೆಟ್ಟು ಹೊತ್ತಿಸಿ ಮತ್ತೆ ಆರಿಸಿದರೋ? ಕೀ ಮುಟ್ಟಿದೊಡನೆ, ಇದೆಂಥ ಮರಕುಟಿಗನ ಬಾಳು ಎಂದು ಅನ್ನಿಸಿತೋ? ಪಂದ್ಯ ಕೀಯಲ್ಲಿ ಮಾತ್ರ ಎಂದು ನಾನು ಬರೆದದ್ದನ್ನು ಅವರು ಹೇಗೆ ಓದಿಕೊಂಡರು? ನಿನ್ನ ಬಾಯಿ ಹೋಗಿದೆ, ಅದಕ್ಕೆ ಎಲ್ಲರ ಬಾಯಿಯನ್ನೂ ಮುಚ್ಚಿಸಿದ್ದೇವೆ, ಬಾ ಎಂದು ಓದಿಕೊಂಡರೋ? ಹಾಗೆ ಓದಿಕೊಂಡಿದ್ದರೆ ಇನ್ನು ಯಾವತ್ತೂ ಬರುವುದಿಲ್ಲ. ಇಂದು ಬರದಿದ್ದರೆ ಆ ಸೀರೆ ಮತ್ತೆ ಸೆಟ್ಟಿನ ಮೇಲೆ ಬೀಳುತ್ತದೆ. ಎರಡನೆಯ ಸಲ ಬಿದ್ದದ್ದನ್ನು ಯಾರು ತೆಗೆಯುತ್ತಾರೆ?

ನಾಯ್ಕರದು ಮತ್ತೆ: ‘ಬಂದ್ರಾ?’

‘ಇಲ್ಲ’ ಎಂದು ಕುಟ್ಟಿ ಲೆಕ್ಕದ ಹಾಳೆ ನೋಡಿಕೊಂಡೆ. ಕುಮಟಾದವರು ಅಂಕ ಒಪ್ಪಿಸಿದ್ದನ್ನು ಹಾವೇರಿಯ ಲೆಕ್ಕಕ್ಕೆ ಬರೆದಿದ್ದೆ. ನನ್ನ ನೌಕರಿಯಲ್ಲಿ ಎಂದೂ ಆಗದಿದ್ದದ್ದು.

ಒಂಬತ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ ಎನ್ನುವಾಗ ಹೊರಗಿನ ಕೋಣೆಯ ಫೋನು ಬಡಿದುಕೊಂಡಿತು. ಇವರು ಹೋಗಿ ಎತ್ತಿ, “ಲಲಿತಾ,” ಎಂದು ಕೂಗಿದರು. ಹೆಡ್‌ಫೋನು ಕಿತ್ತು ಓಡಿದೆ.

“ಅಕ್ಕಾ, ಸಣ್ಣಕೆ ಮಾತಾಡ್ತಿ, ಇವ್ರಿಗೆ ಕೇಳ್ಲಾಗ,” ಅಂದಳು ಲಲಿತಾ. “ಏಳು ಗಂಟೆಯಿಂದ ಕುಟ್ತಾನೇ ಇದ್ದ. ಒಂದು ಲೋಟ ನೀರಿಗೂ ಎದ್ದಿದ್ದಿಲ್ಲೆ. ನಿಂಗ ಯಾರೂ ಎಂತಕ್ಕೆ ಉತ್ತರ ಕೊಡ್ತಿಲ್ಲೆ?”

“ಕುಟ್ತಾ ಇದ್ದ್ನಾ?” ನನ್ನ ದನಿ ನನಗೇ ಕೀರಲಾಗಿ ಕೇಳಿತು. “ಯಂಗಕ್ಕೆ ಎಂತೂ ಕೇಳ್ತಾ ಇಲ್ಲೆ ಲಲಿತಾ!”

“ಇವ್ರಿಗೆ ನಿಂಗಳದ್ದೆಲ್ಲ ಕೇಳ್ತಡ. ನಿಂಗ ಯಲ್ಲಾಪುರ ಹೇಳಿ ಕರೆದದ್ದೂ ಕೇಳ್ತಡ. ಈಗ ಪಾಟಿ ಮೇಲೆ ಬರದು ತೋರ್ಸಿದ ಅಕ್ಕಾ, ‘ಎಲ್ಲರದ್ದೂ ನಂಗೆ ಕೇಳ್ತು, ನಂದು ಯಾರಿಗೂ ಕೇಳ್ತಿಲ್ಲೆ’ ಹೇಳಿ. ಸೀರೆ ಎಲ್ಲಿಟ್ಟಿದ್ದೆ ಕೇಳ್ತಾ ಇದ್ದ.”

“ಸೀರೆ ಕೊಡಡ!” ಅಂದೆ. “ತೊಳ್ಯಲೆ ಹಾಕಿದ್ದೆ ಹೇಳು. ಡಯಲ್ ಎಲ್ಲಿಟ್ಟಿದ್ದ? ಕಳ್ಸೂ ಪೆಟ್ಗೆ ಡಯಲ್ಲು?”

“ನಿಂಗ ಹಚ್ಚಿದ ಕೆಂಪು ಗುರುತಿನ ಮೇಲೇ ಇದ್ದು. ಕೂದಲೆಳೆ ಆಚೀಚೆ ಇಲ್ಲೆ. ಆನೇ ನೋಡ್ಕ್ಯಂಡು ಬಂದಿ.”

ಕೆಂಪು ಗುರುತು.

ಅದೊಂದು ಹಳೆಯ ಕತೆ. ಮಾಸ್ತರಿಗೆ ಡಯಲ್ ಒಂದು ಕಡೆ ನಿಲ್ಲಿಸುವ ಅಭ್ಯಾಸವೇ ಇರಲಿಲ್ಲ. ದಿನಾ ಬೆಳಿಗ್ಗೆ ನಾವು ಅವರನ್ನು ಹುಡುಕಬೇಕು. ಒಂದು ದಿನ ಮೇಲೆ, ಒಂದು ದಿನ ಕೆಳಗೆ. ಕಡೆಗೆ ನಾನೇ ಯಲ್ಲಾಪುರಕ್ಕೆ ಹೋಗಿ, ಅವರ ಸೆಟ್ಟನ್ನು ಸರಿಯಾದ ಜಾಗಕ್ಕೆ ತಂದು, ಫ್ಯಾನ್ಸಿ ಸ್ಟೋರಿನಿಂದ ತಂದ ಕೆಂಪು ನೈಲ್ ಪಾಲಿಶ್‌ನಿಂದ ಡಯಲ್ಲಿನ ಮೇಲೆ ಒಂದು ಗೆರೆ ಎಳೆದಿದ್ದೆ. “ಇದನ್ನು ಬಿಟ್ಟು ಅಲ್ಲಾಡಲಾಗ” ಎಂದು ಹೇಳಿದ್ದೆ. ಮಾಸ್ತರು ನಕ್ಕು, “ಹಣೆಗೆ ಕುಂಕುಮ ಇಟ್ಟಾತು, ಇನ್ನು ಯನ್ನ ಸೆಟ್ಟು ಸುಮಂಗಲಿ” ಅಂದಿದ್ದರು. ಮರುದಿನವೇ ಮತ್ತೆ ಎಲ್ಲೋ ಹೋಗಿದ್ದರು.

ಜನ್ಮದಲ್ಲಿ ಮೊದಲ ಬಾರಿಗೆ ಅವರು ಆ ಗುರುತನ್ನು ಪಾಲಿಸಿದ್ದರು. ಈಗ ಆ ಗುರುತು ಸುಳ್ಳಾಗಿತ್ತು. ಹಳೆಯ ವಾಲ್ವಿನ ಜೊತೆ ಎಳೆದ ಗೆರೆ ಅದು. ವಾಲ್ವ್ ಬದಲಾದರೆ ಜಾಗವೂ ಸರಿಯುತ್ತದೆ. ಹೊಸ ವಾಲ್ವಿನ ಗುಣ ಬೇರೆ. ಕಲಿಯುವವರಿಗೆಲ್ಲ ನಾನೇ ಹೇಳಿಕೊಟ್ಟ ಪಾಠ. ವಾಲ್ವ್ ಕಳಿಸಿದವಳೂ ನಾನು, ಗುರುತು ಹಚ್ಚಿದವಳೂ ನಾನು. ಕೇಳುವ ಪೆಟ್ಟಿಗೆ ಬೇರೆಯಾದ್ದರಿಂದ ಅವರಿಗೆ ನಮ್ಮದೆಲ್ಲ ಕೇಳುತ್ತಿತ್ತು. ಅವರು ಕಳಿಸಿದ್ದು ಮಾತ್ರ ನಾವ್ಯಾರೂ ಕಿವಿಯಿಡದ ಜಾಗದಲ್ಲಿ ಹೋಗಿ ಬೀಳುತ್ತಿತ್ತು. ನಾನೇ ಬರೆದ ನಿಯಮದ ಪ್ರಕಾರ ನಾನು ಆ ಕಡೆ ಕಿವಿ ತಿರುಗಿಸುವಂತೆಯೂ ಇರಲಿಲ್ಲ.

“ಇನ್ನೊಂದ್ಸಲ ಕುಟ್ಲಿ ಹೇಳು,” ಅಂದೆ. “ಬೇಡ, ಎಂತೂ ಹೇಳಡ. ಯಂಗೆ ಫೋನು ಮಾಡಿದ್ದೂ ಹೇಳಡ. ಒಂದು ಲೋಟ ಚಾ ಕೊಡು. ಚಾ ಕುಡಿಯೂ ತನಕ ಏಳ್ತ್ನಿಲ್ಲೆ.”

ಓಡಿ ಬಂದು ಹೆಡ್‌ಫೋನು ಸಿಕ್ಕಿಸಿಕೊಂಡೆ. ಕಾರವಾರದವರು ಲೆಕ್ಕ ಒಪ್ಪಿಸುತ್ತಿದ್ದರು. ಅರ್ಧದಲ್ಲೇ ಅವರನ್ನು ಬಿಟ್ಟು ಡಯಲ್ ತಿರುಗಿಸಿದೆ. ಪಂದ್ಯದ ಜಾಗ ಮುಗಿಯಿತು. ಮುಂದೆ ಕೆಳಗೆ, ಇನ್ನೂ ಕೆಳಗೆ. ಬೆರಳ ತುದಿಯಲ್ಲಿ ಗುಂಡಿ ಸರಿಸುವುದು, ನಿಲ್ಲುವುದು, ಕೇಳುವುದು. ಲಾಟೀನಿನ ಗಾಜು ತಿರುಗಿಸಿದ ಹಾಗೆಯೇ. ಎಲ್ಲೋ ಒಬ್ಬರು ಹಿಂದಿಯಲ್ಲಿ ಮಗನ ಮದುವೆಯ ಊಟದ ವರ್ಣನೆ ಮಾಡುತ್ತಿದ್ದರು. ಅವರನ್ನು ದಾಟಿದೆ. ಸದ್ದು. ಬರೀ ಸದ್ದು.

ಚಹ ಮುಗಿದು ಹೋಗಿದ್ದರೆ?

ಆಮೇಲೆ ಕೇಳಿತು. ತೀರ ಸಣ್ಣಗೆ, ಒಂದೊಂದು ಹೊಡೆತವೂ ಕೊನೆಗೆ ಹಕ್ಕಿಮರಿಯ ಹಾಗೆ ಕೊಂಕುತ್ತ. ಹಳೆಯ ಸೆಟ್ಟಿನ ದನಿಯೇ ಹಾಗೆ. ಉದ್ದದ ಹೊಡೆತವನ್ನು ಬೇಕಾದದ್ದಕ್ಕಿಂತ ಉದ್ದ ಎಳೆಯುವ ಕೈ. ಎಷ್ಟು ಹೇಳಿದರೂ ತಿದ್ದಿಕೊಳ್ಳದ, ಬೋರ್ಡಿನ ಮೇಲೆ ಪ್ರಮೇಯ ಬರೆದು ಕೆಳಗೆ ಗೀಟೆಳೆಯುವವರ ಕೈ. ಪರವಾನಗಿಯ ಜೊತೆ ಸರ್ಕಾರ ಕೊಟ್ಟ ನನ್ನ ಗುರುತಿನ ಅಕ್ಷರಗಳನ್ನೇ ಮತ್ತೆ ಮತ್ತೆ ಕರೆಯುತ್ತಿದ್ದರು. ನಿಧಾನವಾಗಿತ್ತು, ತಡೆದು ತಡೆದು ಬರುತ್ತಿತ್ತು, ಒಂದು ಕರೆಗೂ ಇನ್ನೊಂದಕ್ಕೂ ನಡುವಿನ ಅಂತರ ಹೆಚ್ಚುತ್ತ ಹೋಗುತ್ತಿತ್ತು.

ಕೀಯ ಮೇಲೆ ಕೈಯಿಟ್ಟು ಗಡಿಯಾರ ನೋಡಿದೆ. ಒಂಬತ್ತು ಆಗಿತ್ತು.

ಒತ್ತಿದೆ. ಅವರ ಅಕ್ಷರ, ನನ್ನ ಅಕ್ಷರ. ಮತ್ತೊಮ್ಮೆ. ಮತ್ತೊಮ್ಮೆ. ಕೇಳುತ್ತಿದೆ, ಕೇಳುತ್ತಿದೆ, ಕೇಳುತ್ತಿದೆ.

ಆ ಕಡೆ ನಿಂತಿತು. ಏನೂ ಇಲ್ಲ. ಎದ್ದು ಹೋದರೋ? ಮತ್ತೆ ಕರೆದೆ.

ಅಷ್ಟರಲ್ಲಿ ಹಿತ್ತಲ ಬಾಗಿಲು ಧಡಾರ್ ಎಂದು ತೆರೆದುಕೊಂಡು ಸಾವಿತ್ರಕ್ಕ ಒಳಗೆ ಬಂದಳು. “ಅಲ್ದೇ, ದೇವ್ರ ಮುಖದ ಮೇಲೆ ಪೂರಾ ಗೆರೆ ಬಂಜು! ಒಂಬತ್ತಾದ್ಮೇಲೆ ಕುಟ್ತಿಲ್ಲೆ ಹೇಳಿದ್ದೆ ಅಲ್ದನೇ ನೀನು? ಹಲಸಿನ ಮರದ ತಂತಿ ಬಿಚ್ಚಿ ಹಾಕ್ತೆ ನೋಡು!”

“ಬಿಚ್ಚು. ಹತ್ತು ನಿಮಿಷ ಬಿಟ್ಟು ಬಿಚ್ಚು.”

“ಎಂತ ಆತೇ?”

“ಭಾಸ್ಕರ.”

“ಅವಂಗೆ ಮಾತು ಹೋಯ್ದು ಹೇಳಿದ್ದೆ ಅಲ್ದಾ?”

ನಾನು ಕೈ ಎತ್ತಿ ಸುಮ್ಮನಿರು ಎಂದೆ. ಕಿವಿಯಲ್ಲಿ ಆ ಹಕ್ಕಿಮರಿಯ ದನಿ ಮತ್ತೆ ಶುರುವಾಗಿತ್ತು. ಗುರುತಿನ ಅಕ್ಷರವಿಲ್ಲ, ನಮಸ್ಕಾರವಿಲ್ಲ. ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದೆ:

‘ಡಬ್ಬಿಯ ಹತ್ತಿ ಪೂರಾ ಇಲ್ಲಿದ್ದು ಅಕ್ಕಯ್ಯ. ಹಂಗಾರೆ ನಿಂಗಳ ಕಿವಿಯಲ್ಲಿ ಇರೂದು ಯಾವ ಹತ್ತಿ?’

ಕಣ್ಣು ಒರೆಸಿಕೊಂಡೆನೋ, ನಕ್ಕೆನೋ, ಸರಿಯಾಗಿ ನೆನಪಿಲ್ಲ. ಅದು ಇವರನ್ನು ಕೇಳಬೇಕು, ಬಾಗಿಲಲ್ಲೇ ನಿಂತಿದ್ದರು. ವಾಲ್ವ್ ಬದಲಾಗಿದ್ದಕ್ಕೆ ಗುರುತು ತಪ್ಪಿದೆ, ತಪ್ಪು ನನ್ನದು ಎಂದು ಕುಟ್ಟಲು ಶುರುಮಾಡಿದೆ. ಅವರು ನಡುವೆಯೇ ಬಾಯಿ ಹಾಕಿದರು. ಗೊತ್ತಾತು, ಗೊತ್ತಾತು ಎಂದರು. ಅನಂತರ ಅವರದೇ ಸರದಿ. ಹುಬ್ಬಳ್ಳಿಯ ಆಸ್ಪತ್ರೆಯ ಮಂಚ ಎಷ್ಟು ಗಿಡ್ಡ ಇತ್ತು, ಪಕ್ಕದ ಮಂಚದ ಸಾಹುಕಾರನ ಗೊರಕೆ ಎಷ್ಟು ಉದ್ದ ಇತ್ತು, ನರ್ಸು ಮಾಸ್ತರ ಪಾಟಿಯ ಮೇಲೆ ತನ್ನ ಮಗನ ಲೆಕ್ಕ ಹೇಗೆ ಮಾಡಿಸಿಕೊಂಡಳು. ನಿಧಾನದ ಕೈ. ಒಂದು ಪದಕ್ಕೆ ಒಂದು ಯುಗ. ಈರಪ್ಪ ನಾಯ್ಕರೂ ಜಾಗ ಬಿಟ್ಟು ಹುಡುಕಿಕೊಂಡು ಬಂದರು. ಬಂದದ್ದೇ, ‘ಮಾಸ್ತರೆ, ಈ ಕಡೆ ಮಂದಿಗೂ ಸರದಿ ಬ್ಯಾಡ್ವಾ?’ ಎಂದರು. ಮಾಸ್ತರು ಅವರನ್ನೂ ಬಿಡಲಿಲ್ಲ.

ಸಾವಿತ್ರಕ್ಕ ಕಿಟಕಿಯಿಂದ ತನ್ನ ಮನೆಯ ಕಡೆ ಇಣುಕಿ ನೋಡಿ, “ಗೆರೆ ಹೋತಲೇ,” ಅಂದಳು. ಹೋಗದೆ ಏನು? ನಾನು ಕೀ ಒತ್ತಿದರೆ ತಾನೇ ಗೆರೆ? ನನಗೆ ಅವರು ಒತ್ತಲು ಬಿಟ್ಟರೆ ತಾನೇ? ಅವಳು ತಿರುಗಿ ಹೋಗಿ ಮಿಕ್ಕ ಧಾರಾವಾಹಿಯನ್ನು ಗೆರೆಯಿಲ್ಲದೆ ನೋಡಿದಳು. ನಾನು ಎದ್ದು ಹೋಗಿ ಅಕ್ಕಿ ತೊಳೆದು ಅನ್ನಕ್ಕಿಟ್ಟು ಬಂದೆ. ಇನ್ನೂ ಅದೇ ವಾಕ್ಯ ನಡೆದಿತ್ತು.

ಮಧ್ಯಾಹ್ನ ಅಂಕಗಳನ್ನು ಕೂಡಿಸಿದೆ. ಗೆದ್ದವರು ಈರಪ್ಪ ನಾಯ್ಕರು. ಭಾಸ್ಕರ ಮಾಸ್ತರಿಗೆ ಸೊನ್ನೆ. ಅವರನ್ನು ನಾನು ಮುಟ್ಟಿದ್ದು ಪಂದ್ಯದ ಜಾಗದ ಹೊರಗೆ, ಹೊತ್ತು ಮೀರಿದ ಮೇಲೆ. ಮೇಲ್ವಿಚಾರಣೆ ನಡೆಸುವವಳೇ ಜಾಗ ಬಿಟ್ಟದ್ದರಿಂದ ಶಿರಸಿಯ ಅಂಕಗಳೂ ಪೂರ್ತಿ ರದ್ದು. ನಿಯಮವೆಂದರೆ ನಿಯಮ. ನಾಯ್ಕರಿಗೆ ಫೋನು ಮಾಡಿ ತಿಳಿಸಿದೆ.

“ಎರಡು ಸೊನ್ನೆ ನಡೂಕೆ ನಾನೊಬ್ಬನೇ ಗೆದ್ದದ್ದಾ?” ಅಂದರು. “ಇದೆಂತ ಮರ್ಯಾದೆ ಅಕ್ಕೋರೆ.”

ಸಂಜೆ ನಾಲ್ಕಕ್ಕೆ ಪೇಟೆಗೆ ಹೊರಟೆ. ನನ್ನ ಮೇಜಿನಲ್ಲಿದ್ದ ನೈಲ್ ಪಾಲಿಶ್ ಒಣಗಿತ್ತು. ಬಸ್ ಸ್ಟ್ಯಾಂಡಿನ ಹತ್ತಿರದ ಫ್ಯಾನ್ಸಿ ಸ್ಟೋರಿನ ಹುಡುಗಿ, ನನ್ನ ಬಿಳಿ ಕೂದಲು ನೋಡಿ, ತಿಳಿ ಗುಲಾಬಿ ಬಣ್ಣದ ಬಾಟಲಿ ಮುಂದಿಟ್ಟಳು. “ಕೆಂಪು,” ಅಂದೆ. “ದೂರದಿಂದ ಕಾಣೂ ಹಂಗೆ ಇರಕ್ಕು.” ಅದನ್ನು ಹತ್ತಿಯಲ್ಲಿ ಸುತ್ತಿ ಇನ್ನೊಂದು ಡಬ್ಬಿಗೆ ಹಾಕಿ, ಮೇಲೆ ಮಾಸ್ತರ ಹೆಸರು ಬರೆದು, ಹೊರಡಲು ನಿಂತಿದ್ದ ಯಲ್ಲಾಪುರದ ಬಸ್ಸಿನ ಬಾಗಿಲಿಗೆ ಹೋದೆ. ಹಾವೇರಿ ಕಡೆಯ ಕಂಡಕ್ಟರು ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು.

“ಏನೈತ್ರಿ ಅಮ್ಮಾರ ಇದರಾಗ? ಒಡಿಯೂದೇನ್ರಿ?”

“ನೈಲ್ ಪಾಲಿಶ್.”

“ಯಾರಿಗ್ರಿ?”

“ಭಾಸ್ಕರ ಮಾಸ್ತರಿಗೆ. ರಿಟೈರ್ ಆದವರು. ಸ್ಟ್ಯಾಂಡಿಗೆ ಅವರೇ ಬರ್ತಾರೆ.”

ಕಂಡಕ್ಟರು ಒಮ್ಮೆ ಡಬ್ಬಿ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಡಬ್ಬಿಯನ್ನು ತಮ್ಮ ಸೀಟಿನ ಮೇಲೆ, ಟಿಕೆಟ್ ಚೀಲದ ಪಕ್ಕದಲ್ಲಿಟ್ಟುಕೊಂಡು ಸೀಟಿ ಊದಿದರು. ಬಸ್ಸು ಹೊರಟಿತು. ಈ ಸಲ ಗುರುತು ಅವರೇ ಹಚ್ಚಿಕೊಳ್ಳಲಿ.